ಖಡಕ್ ರೊಟ್ಟಿಯ ಭಾನುವಾರ

ಶಾಮ್‌ಬರ್ಗಿನ ನನ್ನ ಅಡುಗೆಮನೆಯಲ್ಲಿ ಹಂಚಿನ ಮೇಲೆ ಜೋಳದ ಹಿಟ್ಟು ಸೀದ ವಾಸನೆ ಎದ್ದಾಗಲೆಲ್ಲ ಲಿವೋನಿಯಾದ ಆ ಮೆಥೊಡಿಸ್ಟ್ ಚರ್ಚು ನೆನಪಾಗುತ್ತದೆ. ಚಿಕ್ಕಂದಿನಲ್ಲಿ ನಾವಿದ್ದ ಊರು ಅದು.

ಎಲ್ಲರೂ ಸಾಲಾಗಿ ಬಂದು ರೊಟ್ಟಿಯ ಚೂರನ್ನು ದ್ರಾಕ್ಷಿ ರಸದಲ್ಲಿ ಅದ್ದಿ ತಿನ್ನುವ ಕರ್ತನ ಭೋಜನದ ಆರಾಧನೆಗೆ ಒಂದೊಂದು ತಿಂಗಳು ಒಂದೊಂದು ಮನೆಯವರು ರೊಟ್ಟಿ ತರುವುದು ಅಲ್ಲಿನ ರೂಢಿ. ಆ ತಿಂಗಳು ಪಾಸ್ಟರ್ ನಮ್ಮವ್ವನನ್ನು ಕೇಳಿದ್ದರು. ನಾವು ಬೀದರಿನಿಂದ ಆ ಪರದೇಶಕ್ಕೆ ಬಂದು ವರ್ಷವೂ ಆಗಿರಲಿಲ್ಲ. ಅವ್ವ ಶನಿವಾರವಿಡೀ ರೊಟ್ಟಿ ಬಡಿದು, ಪ್ರಯಾಣಕ್ಕೆ ಬುತ್ತಿ ಕಟ್ಟುವಂತೆ ಬಿಳಿ ಬಟ್ಟೆಯಲ್ಲಿ ಸುತ್ತಿದಳು. ಕೆಡಬಾರದೆಂದು ಖಡಕ್ ರೊಟ್ಟಿಯನ್ನೇ ಮಾಡಿದ್ದಳು.

ಪಾಸ್ಟರ್ ಪ್ರಾರ್ಥಿಸಿ ರೊಟ್ಟಿ ಮುರಿದಾಗ ಹಪ್ಪಳ ಮುರಿದಂತೆ ಸದ್ದಾಯಿತು. ಚೂರುಗಳು ಅವರ ಬಿಳಿ ನಿಲುವಂಗಿಯ ಮೇಲೆಲ್ಲ ಉದುರಿದವು. ನನಗೆ ಬೆಂಚಿನ ಕೆಳಗೆ ಅಡಗಿಬಿಡಬೇಕೆನಿಸಿತು.

“ಅಯ್ಯ, ಇಲ್ಲಿ ಮುಕ್ಕಾಲು ಮಂದಿ ಮುದುಕರು. ಹಲ್ಲಿಲ್ಲದೋರು ಇದನ್ನ ಹ್ಯಾಂಗ ತಿಂತಾರ?” ಎಂದು ಪಿಸುಗುಟ್ಟಿ ಅವ್ವ ತಲೆ ತಗ್ಗಿಸಿದಳು.

“ಅಲ್ಲಿ ನೋಡು,” ಎಂದ ಅಪ್ಪ.

ಸಾಲಿನ ಮೊದಲಿಗೆ ವಾಕರ್ ಹಿಡಿದ ರೂತ್ ಆಂಟಿ ನಿಂತಿದ್ದರು. ಅವರದು ಕಟ್ಟಿಸಿಕೊಂಡ ಹಲ್ಲು. ತಮ್ಮ ಚೂರನ್ನು ದ್ರಾಕ್ಷಿ ರಸದ ಬಟ್ಟಲಲ್ಲಿ ಅದ್ದಿದರು. ಅದು ಮೆತ್ತಗಾಗಲಿಲ್ಲ. ಅವರು ಕೈ ಹಿಂದೆಗೆಯಲಿಲ್ಲ, ಅದ್ದಿಕೊಂಡೇ ಕಾದರು. ಪಾಸ್ಟರ್ ಬಟ್ಟಲನ್ನು ಅಲುಗಿಸದೆ ಹಿಡಿದರು. ಹಿಂದೆ ಇಡೀ ಸಾಲು ಕಾದು ನಿಂತಿತು. ಯಾರೂ ಗಡಿಯಾರ ನೋಡಲಿಲ್ಲ. ನಂತರ ಬಂದವರೂ ಹಾಗೆಯೇ ಅದ್ದಿ, ರೊಟ್ಟಿ ನೆನೆಯುವ ತನಕ ನಿಂತರು.

ಅವ್ವ ತಲೆಯೆತ್ತಿದಳು. ಸಾಲು ಸಾಗುವಾಗ ಪಿಯಾನೋದಲ್ಲಿ ನುಡಿಸುವ ಹಾಡು ಅಷ್ಟರಲ್ಲಿ ಮುಗಿದಿತ್ತು, ಸಾಲು ಇನ್ನೂ ಅರ್ಧವೂ ಸಾಗಿರಲಿಲ್ಲ. ಪಿಯಾನೋ ನುಡಿಸುತ್ತಿದ್ದ ಚರ್ಚಿನ ಮುದುಕ ಸಾಲಿನ ಕಡೆ ಒಮ್ಮೆ ತಿರುಗಿ ನೋಡಿ, ಕನ್ನಡಕ ಸರಿಮಾಡಿಕೊಂಡು, ಅದೇ ಹಾಡನ್ನು ಮೊದಲಿನಿಂದ ಶುರು ಮಾಡಿದ.