ತಾರಸಿಯ ಬಿಸಿಲಿಗೆ ಕ್ಸೆನಾನ್

ಯಾವುದರ ಜೊತೆಗೂ ಸುಲಭಕ್ಕೆ ಬೆರೆಯದ ಕ್ಸೆನಾನ್ ಅನಿಲವನ್ನು ಫ್ಲೋರಿನ್ ಜೊತೆ ಕಾಯಿಸಿ ಕೂಡಿಸಲು ಸಂಶೋಧನಾ ವಿದ್ಯಾರ್ಥಿನಿ ಫರ್ನೇಸ್ ಕೇಳಿದಾಗ ಪ್ರೊಫೆಸರರು ಮೂಗು ಮುರಿದರು.

“ಆಸಿಡ್ ಬಾಟಲಿಗೆ ನೆಟ್ಟಗೆ ಮುಚ್ಚಳ ಹಾಕೋಕೆ ಬರಲ್ಲ, ಇವಳಿಗೆ ಫರ್ನೇಸ್ ಬೇಕಂತೆ!” ಎಂದು ಲ್ಯಾಬಿಗೆಲ್ಲ ಕೇಳುವಂತೆ ನಕ್ಕರು. “ಹಪ್ಪಳ ಒಣಗಿಸಿ ಗೊತ್ತಲ್ಲಮ್ಮ? ಹಾಗೇ ತಾರಸಿ ಮೇಲೆ ಬಿಸಿಲಿಗಿಡು, ಹೋಗು.”

“ಆಯ್ತು ಸರ್.”

ಮರುವಾರ ಅವಳು ಬಾಯಿ ಬಿಗಿದ ಗಾಜಿನ ಫ್ಲಾಸ್ಕೊಂದನ್ನು ಅವರ ಮೇಜಿನ ಮೇಲಿಟ್ಟಳು. ಒಳಗೆಲ್ಲ ಸಕ್ಕರೆಯಂಥ ಬಿಳಿ ಹರಳು ಅಂಟಿತ್ತು.

“ಏನಿದು?”

“ಕ್ಸೆನಾನ್ ಫ್ಲೋರೈಡ್, ಸರ್. ಬಿಸಿಲಿಗಿಟ್ಟಿದ್ದೆ.”

ಪ್ರೊಫೆಸರರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. ನಗು ಎಲ್ಲೋ ಹೋಗಿತ್ತು, ಗತ್ತು ಮಾತ್ರ ಹೋಗಿರಲಿಲ್ಲ.

“ವರದೀಲಿ ನನ್ನ ಹೆಸರು ಮೊದಲು ಹಾಕು. ಬಿಸಿಲಿಗಿಡು ಅಂದಿದ್ದು ನಾನು ತಾನೆ?”