ಕ್ಯಾಮೆರಾ ಸುಮಾರು

ಹಾಸ್ಟೆಲ್ಲಿಗೆ ಹೊರಟಿದ್ದ ಮಗಳಿಗೊಂದು ಲ್ಯಾಪ್‌ಟಾಪ್ ಕೊಡಿಸಲು ಅಮ್ಮ ಜೊತೆಗೆ ಬಂದಿದ್ದಳು. ಅಮ್ಮನಿಗೆ ಹುಟ್ಟಿನಿಂದಲೇ ಕಿವಿ ಕೇಳದು, ಮಾತು ಬಾರದು. ಮನೆಯಲ್ಲಿ ಅವರಿಬ್ಬರ ಮಾತೆಲ್ಲ ಕೈಯಲ್ಲೇ. ಅಂಗಡಿಯ ಮೆಟ್ಟಿಲು ಹತ್ತುವಾಗಲೇ ಮಗಳು ತನ್ನ ಎರಡೂ ಕೈಗಳನ್ನು ಜೀನ್ಸಿನ ಜೇಬಿಗೆ ತುರುಕಿಕೊಂಡಿದ್ದಳು.

"ನಲವತ್ತು ಸಾವಿರದೊಳಗೆ ಇದಕ್ಕಿಂತ ಫಾಸ್ಟ್ ಸಿಗಲ್ಲ ಮೇಡಂ. ಸೌಂಡೂ ಸೂಪರ್," ಎಂದು ಅಂಗಡಿಯವನು ಒಂದು ಹಾಡು ಹಾಕಿದ. "ಕ್ಯಾಮೆರಾ ಮಾತ್ರ ಸುಮಾರು," ಎಂದು ಅದನ್ನು ಆನ್ ಮಾಡಿ, ಪರದೆಯಲ್ಲಿ ಮಸುಕಾಗಿ ಮೂಡಿದ ಅವರಿಬ್ಬರ ಮುಖ ತೋರಿಸಿದ.

"ಪರವಾಗಿಲ್ಲ, ಇದನ್ನೇ ಕೊಡಿ."

ಅಮ್ಮ ಪರದೆಯ ಮೇಲಂಚಿನಲ್ಲಿದ್ದ ಕ್ಯಾಮೆರಾದ ಚುಕ್ಕೆಯನ್ನು ಬೆರಳಿನಿಂದ ತಟ್ಟಿ, ಬೇಡವೆಂದು ತಲೆಯಾಡಿಸಿದಳು. ಪಕ್ಕದಲ್ಲಿದ್ದ ಇನ್ನೊಂದನ್ನು ತೋರಿಸಿ ಎರಡೂ ಕೈ ಎತ್ತಿ ಏನೋ ಹೇಳತೊಡಗಿದಳು. ಅವಸರಕ್ಕೆ ಗಂಟಲಿನಿಂದ ಒಡಕು ದನಿಯೂ ಹೊರಟಿತು. ಅಂಗಡಿಯಲ್ಲಿದ್ದವರೆಲ್ಲ ಇತ್ತ ತಿರುಗಿದರು. ಮಗಳ ಮೈ ಹಿಡಿಯಾಯಿತು. ಅಮ್ಮನ ಕೈ ಕಣ್ಣಿಗೆ ಬೀಳದ ಹಾಗೆ ಅವಳು ಮುಖವನ್ನೇ ಆಚೆ ತಿರುಗಿಸಿಕೊಂಡಳು.

"ಆಂಟಿ ಏನೋ ಹೇಳ್ತಿದಾರಲ್ಲ?"

"ಅವ್ರಿಗೆ ಇದೆಲ್ಲ ಗೊತ್ತಾಗಲ್ಲ ಬಿಡಿ. ನೀವು ಬಿಲ್ ಮಾಡಿ."

ಅಂಗಡಿಯವನು ಬಿಲ್ ಮಾಡಲು ಒಳಗೆ ಹೋದ. ಅಮ್ಮ ಮಗಳ ತೋಳು ಹಿಡಿದು ಮೆಲ್ಲಗೆ ತನ್ನತ್ತ ತಿರುಗಿಸಿಕೊಂಡಳು. ನೋಡುತ್ತಿದ್ದವರ ಕಡೆ ಒಮ್ಮೆ ಕಣ್ಣು ಹಾಯಿಸಿದಳು. ಆಮೇಲೆ ಸೆರಗನ್ನು ಮರೆ ಮಾಡಿಕೊಂಡು, ಮಗಳೊಬ್ಬಳಿಗೇ ಕಾಣುವಂತೆ ಬೆರಳಾಡಿಸಿದಳು:

"ಅಷ್ಟು ದೂರ ಹೋದ್ಮೇಲೆ ನಿನ್ನ ಕೈ ನಂಗೆ ಸರಿಯಾಗಿ ಕಾಣ್ಬೇಕಲ್ಲ, ಅದಕ್ಕೇ ಕ್ಯಾಮೆರಾ ನೋಡು ಅಂದೆ. ವಿಡಿಯೋ ಕಾಲ್ ನೀನು ರೂಮಲ್ಲಿ ಯಾರೂ ಇಲ್ದಾಗ ಮಾಡಿದ್ರೆ ಸಾಕು."