ಖಾಲಿಯಾದ ಕರೆನ್ಸಿ

“ಯವ್ವಾ, ಮತ್ತ ಕರೆನ್ಸಿ ಖಾಲಿ ಮಾಡೀಯಲ್ಲ!”

ಸಿದ್ದಲಿಂಗೇಶ್ ಮೊಬೈಲನ್ನು ತಾಯಿಯ ಮುಖದೆದುರು ಹಿಡಿದ. ಸಂಗಮ್ಮ ಮೊರದಿಂದ ಕೈ ತೆಗೆಯಲಿಲ್ಲ.

“ನಾ ಮುಟ್ಟಿಲ್ಲಪ್ಪ.”

“ಮುಟ್ಟದ ತಾನ ಖಾಲಿ ಆಗತೈತೇನು? ಏನರ ಒತ್ತಿರ್ತೀ. ನಿನಗ ಗೊತ್ತಾಗಿರಂಗಿಲ್ಲ.”

ಇದು ವಾರವಾರದ ಜಗಳ. ಹೆಸರಿಗೆ ಅದು ಅವ್ವನ ಫೋನು. ಆದರೆ ಅವ್ವ ಕೈಗೆತ್ತಿಕೊಂಡರೆ ಸಾಕು, ಯಾರಾದರೂ ಬಂದು ಕಿತ್ತುಕೊಳ್ಳುತ್ತಿದ್ದರು. ಅರವತ್ತು ದಾಟಿದವರ ಕೈಯಿಂದ ಫೋನು ಕಿತ್ತುಕೊಳ್ಳಲು ಈ ಊರಿನಲ್ಲಿ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಪಂಚಮಿಗೆ ತವರಿಗೆ ಬಂದ ಮಗಳು ಶಾಂಭವಿ ಕೂಡ ಅಜ್ಜಿಯ ಮಂಚದ ಮೇಲೆ ಕೂತು, ಫೋನು ಹಿಡಿದು ಏನೇನೋ ತೋರಿಸಿ ಆಕೆಯನ್ನು ನಗಿಸಿದಳೇ ಹೊರತು, ತಾಯಿಗೆ ಕಲಿಸುತ್ತೇನೆ ಅನ್ನಲಿಲ್ಲ. ಸಂಗಮ್ಮ ನೋಡಿ ನೋಡಿಯೇ ಕಲಿತಿದ್ದಳು. ಕಲಿತಿದ್ದೇನೆಂದು ಹೇಳಿದರೆ ನಂಬುವವರು ಯಾರು? ಬೈಸಿಕೊಂಡು ಬೈಸಿಕೊಂಡು ಅವಳಿಗೇ ಅನುಮಾನ ಹತ್ತಿತ್ತು. ಧೂಳು ಒರೆಸುವಾಗ ಬೆರಳು ತಾಗಿರಬಹುದೇ?

ಸಿದ್ದಲಿಂಗೇಶ್ ಹೊಸ ಕಾರ್ಡ್ ಕೆರೆದು ಕರೆನ್ಸಿ ಹಾಕಿದ.

“ಫೋನ್ ಬಂದ್ರ ಎತ್ತು, ಅಷ್ಟ. ಬ್ಯಾರೆ ಏನೂ ಒತ್ತಬ್ಯಾಡ.”

ಮನೆಯಲ್ಲಿ ಸರಿಯಿದ್ದ ಪ್ಲಗ್ ಒಂದೇ. ಅದು ಪಡಸಾಲೆಯಲ್ಲಿ, ಸಂಗಮ್ಮನ ಅತ್ತೆ ಉಚ್ಚೆಂಗಮ್ಮನ ಮಂಚದ ತಲೆದೆಸೆಗಿತ್ತು. ಅವನು ಫೋನನ್ನು ಅಲ್ಲಿ ಚಾರ್ಜಿಗೆ ಹಾಕಿ ಹೊರಟ.

“ಏನಾತವ್ವಾ ಅದಕ್ಕ?” ಎಂದಳು ಎಂಬತ್ತು ದಾಟಿದ ಉಚ್ಚೆಂಗಮ್ಮ.

“ಅದೆಲ್ಲ ನಿಮಗ ತಿಳಿಯಂಗಿಲ್ಲ ಅತ್ತಿ. ಸುಮ್ನ ಕುಂದರ್ರಿ.”

ಮಧ್ಯಾಹ್ನ ಸಿದ್ದಲಿಂಗೇಶ್ ಒಬ್ಬನನ್ನು ಬೊಲೆರೊದಲ್ಲಿ ಕರೆತಂದ. ಅದಿರು ಗುತ್ತಿಗೆದಾರನ ಕಡೆಯವನು. ಹೊಲ ಅಗೆದು ಅದಿರು ಮಾರುವ ಹುಚ್ಚು ಆಗ ಬಂಡ್ರಿ ಊರಿಗೆಲ್ಲ ಹಿಡಿದಿತ್ತು. ಪಕ್ಕದ ಹೊಲಗಳು ಆಗಲೇ ಕೆಂಪು ಗುಂಡಿಗಳಾಗಿದ್ದವು. ಇಬ್ಬರೂ ಪಡಸಾಲೆಯಲ್ಲೇ ಕೂತು ಗಟ್ಟಿಯಾಗಿ ಮಾತಾಡಿದರು. ಮಂಚದ ಮೇಲಿನ ಮುದುಕಿಗೆ ಅಂಜಿ ಯಾರು ದನಿ ತಗ್ಗಿಸುತ್ತಾರೆ? ಚಹಾ ಕುದಿಸುತ್ತಿದ್ದ ಸಂಗಮ್ಮನಿಗೂ ಎಲ್ಲ ಕೇಳಿಸಿತು.

“ನಾಳೆ ಮುಂಜಾನೆ ಹೊಲ ಅಗಿಯಾಕ ಹಿಟಾಚಿ ಬರತೈತಿ. ನಿಮ್ಮ ತಂಗಿದೇನು?”

“ಆಕಿಗೆ ಹೇಳೋದ ಬ್ಯಾಡ್ರಿ. ಮಣ್ಣು ತೆಗೆದ ಮ್ಯಾಲೆ ಏನು ಮಾಡ್ತಾಳ?”

ಹೊಲ ಇನ್ನೂ ಸಂಗಮ್ಮನ ತೀರಿಕೊಂಡ ಗಂಡ ಕೊಟ್ರಯ್ಯನ ಹೆಸರಿನಲ್ಲಿತ್ತು. ಅದರಲ್ಲಿ ಶಾಂಭವಿಗೂ ಪಾಲಿತ್ತು. ಅವಳ ಗಂಡ ಮನೋಹರ್ ಕಂಪ್ಲಿಯಲ್ಲಿ ವಕೀಲ. ಅವಳ ಕಿವಿಗೆ ಬಿದ್ದರೆ ಹೊಲ ಉಳಿಯುತ್ತದೆ, ಬೀಳದಿದ್ದರೆ ನಾಳೆಗೆ ಅದೂ ಒಂದು ಗುಂಡಿ. ಸಂಗಮ್ಮ ಚಹಾ ಕೊಡುತ್ತಾ, “ಬ್ಯಾಡಪ್ಪ, ಅನ್ನ ಕೊಟ್ಟ ಮಣ್ಣದು” ಎಂದಳು.

“ನಿನಗೇನು ತಿಳೀತೈತಿ, ಒಳಗ ಹೋಗು.”

ಅವರು ಹೊಲ ನೋಡಲು ಹೋದರು. ಅಷ್ಟರಲ್ಲಿ ನಲ್ಲಿಯಲ್ಲಿ ನೀರು ಬಂತು. ನೀರು ಯಾರಿಗಾಗಿಯೂ ಕಾಯುವುದಿಲ್ಲ. ಸಂಗಮ್ಮ ಕೊಡ ಹಿಡಿದು ಓಡಿದಳು, ಸರದಿಯಲ್ಲಿ ನಿಂತು ಚಡಪಡಿಸಿದಳು, ತುಂಬಿಸಿ ತಂದು ಇಳಿಸಿದವಳೇ ಫೋನಿಗೆ ಕೈ ಹಾಕಿದಳು. ಶಾಂಭವಿಯ ಹೆಸರು ತಾನೇ ಹುಡುಕಿದಳು. ಹಸಿರು ಗುಂಡಿ ಒತ್ತಿದಳು.

ಫೋನಿನೊಳಗಿಂದ ಒಬ್ಬ ಹೆಂಗಸು ಜೇನಿನಂಥ ದನಿಯಲ್ಲಿ ಹೇಳಿದಳು: ಈ ಕರೆ ಮಾಡಲು ನಿಮ್ಮ ಖಾತೆಯಲ್ಲಿ ಸಾಕಷ್ಟು ಹಣವಿಲ್ಲ.

ಬೆಳಿಗ್ಗೆಯಷ್ಟೇ ಹಾಕಿದ ಕರೆನ್ಸಿ! ಸಂಗಮ್ಮನಿಗೆ ಅಳು ಬಂತು. ಹಾಗಾದರೆ ಮಗ ಹೇಳಿದ್ದೇ ನಿಜ. ತನ್ನ ಬೆರಳು ತನ್ನ ಮಾತು ಕೇಳುತ್ತಿಲ್ಲ. ಆ ದರಿದ್ರ ಫೋನನ್ನು ಗೋಡೆಗೆ ಅಪ್ಪಳಿಸಬೇಕೆನಿಸಿತು.

“ಸಂಗವ್ವಾ, ಇಲ್ಲಿ ಕೇಳಿಲ್ಲಿ...”

“ಆಮ್ಯಾಲೆ ಅತ್ತಿ! ನಿಮಗ ಹೇಳಿ ಏನು ಮಾಡ್ಲಿ? ನಿಮ್ಮ ಕೈಲೆ ಏನಾಗತೈತಿ?”

ಉಚ್ಚೆಂಗಮ್ಮ ದಿಂಬು ಸರಿಮಾಡಿಕೊಂಡು ಒರಗಿದಳು.

ಸಂಗಮ್ಮ ನಂಬರನ್ನು ಅಂಗೈ ಮೇಲೆ ಬರೆದುಕೊಂಡು ಮರಿಸ್ವಾಮಿಯ ಕಿರಾಣಿ ಅಂಗಡಿಗೆ ಹೋದಳು. ಅಲ್ಲಿ ಕಾಯಿನ್ ಬಾಕ್ಸ್ ಇತ್ತು. ರಿಸೀವರ್ ಎತ್ತುವಷ್ಟರಲ್ಲಿ ಮರಿಸ್ವಾಮಿ ಅದನ್ನೂ ಕಿತ್ತುಕೊಂಡ.

“ಕೊಡ್ರಿ ಇಲ್ಲಿ, ನಿಮಗ ಬರಂಗಿಲ್ಲ.”

ಅಂಗೈ ನೋಡಿ ತಾನೇ ಒತ್ತಿದ. ಎಂಗೇಜ್. ಮತ್ತೆ ಒತ್ತಿದ. ಮತ್ತೆ ಎಂಗೇಜ್. ಅಂಗಡಿ ದೀಪ ಹಚ್ಚಿ ಇನ್ನೊಮ್ಮೆ ನೋಡಿದರೂ ಅದೇ ಕಥೆ.

“ನಂಬರ್ ತಪ್ಪು ಬರಕೊಂಡೀರಿ. ವಯಸ್ಸಾತಲ್ರಿ, ಕಣ್ಣು ಸರಿ ಕಾಣಂಗಿಲ್ಲ,” ಎಂದು ಅವನು ಬೀಡಿ ಕೇಳಿದ ಗಿರಾಕಿಯ ಕಡೆ ತಿರುಗಿದ. ಸಂಗಮ್ಮ ಬೀದಿದೀಪದ ಕೆಳಗೆ ನಿಂತು ಅಂಗೈ ನೋಡಿಕೊಂಡಳು. ತಪ್ಪಿರಲಿಲ್ಲ ಅನಿಸಿತು. ಇದ್ದರೂ ಇರಬಹುದು ಅಂತಲೂ ಅನಿಸಿತು. ಕಂಪ್ಲಿ ಕಡೆಗೆ ಹೋಗಲು ಆ ಹೊತ್ತಿಗೆ ಬಸ್ಸೂ ಇರಲಿಲ್ಲ.

ಮರುದಿನ ಹಿಟಾಚಿ ಹೊಲದ ಬದುವಿಗೆ ಬಂದು ನಿಂತು ಹೊಗೆ ಉಗುಳುತ್ತಿತ್ತು. ಸಂಗಮ್ಮ ಓಡಿಹೋಗಿ ಅದರ ಮುಂದೆ ನಿಂತಳು. ಮಗ ತೋಳು ಹಿಡಿದು ಎಳೆಯುತ್ತಿದ್ದ. ಯಂತ್ರದ ಕೈ ಮೇಲೇಳುವ ಹೊತ್ತಿಗೆ ದಾರಿಯಲ್ಲಿ ಧೂಳೆದ್ದಿತು. ಜೀಪೊಂದು ಬಂದು ನಿಂತಿತು. ಶಾಂಭವಿ ಇಳಿದಳು. ಅವಳ ಹಿಂದೆ ಕರಿಕೋಟಿನಲ್ಲಿ ಮನೋಹರ್.

“ಪಾಲುದಾರರ ಒಪ್ಪಿಗಿ ಇಲ್ಲದ ಒಂದು ಹಿಡಿ ಮಣ್ಣು ಎತ್ತಿದ್ರೂ ನೇರ ಕೋರ್ಟಿಗೆ,” ಎಂದ ಅವನು. ಡ್ರೈವರ್ ಯಂತ್ರ ಆರಿಸಿದ. ಗುತ್ತಿಗೆದಾರನ ಮನುಷ್ಯ ಬೊಲೆರೊ ಹತ್ತಿದ. ಹೊಲ ಉಳಿಯಿತು.

ಸಿದ್ದಲಿಂಗೇಶ್ ತಾಯಿಯ ಕಡೆ ತಿರುಗಿದ. “ನೀನ ಹೇಳೀಯಲ್ಲ ಆಕಿಗೆ? ಫೋನ್ ಮಾಡೋದು ಯಾವಾಗ ಕಲ್ತಿ ನೀ?”

ಅವನ ದನಿಯಲ್ಲಿ ಸಿಟ್ಟಿನ ಜೊತೆಗೆ ಮೊದಲ ಸಲ ಒಂದಿಷ್ಟು ಅಂಜಿಕೆಯೂ ಇತ್ತು. ಸಂಗಮ್ಮನಿಗೆ ಅದು ಹಿತವಾಯಿತು. ಅವಳು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಸೆರಗು ಸರಿಮಾಡಿಕೊಂಡು, ಗತ್ತಿನಿಂದ ಬದು ದಾಟಿ, ಮಗಳ ಕಿವಿಯಲ್ಲಿ ಮೆಲ್ಲಗೆ ಕೇಳಿದಳು: “ನಿನಗ್ಯಾರು ಹೇಳಿದ್ರು?”

“ಮತ್ಯಾರವ್ವಾ, ಅಜ್ಜಿ! ಕರೆನ್ಸಿ ತೀರಿದ ಮ್ಯಾಲೆ ನಾನ ತಿರುಗಿ ಮಾಡಿ ಎಲ್ಲ ಕೇಳಿದೆ. ನಿನಗ ಫೋನ್ ಮಾಡಾಕ ಬರಂಗಿಲ್ಲಂತ ದಿನಾ ಆಕಿನ ಮಾಡ್ತಾಳಲ್ಲ.”